ಜೀವಾಮೃತ ಕೊನೆಗೂ ಡ್ರಿಪ್ಪಿನ ತುದಿ ಮುಟ್ಟಿತು

ಹೆಸರಘಟ್ಟ ಕಡೆಯ ತೋಟದ ಬದನೆ ಸಾಲುಗಳಿಗೆ ಕೊನೆಗೂ ಸರಿಯಾಗಿ ಜೀವಾಮೃತ (ಸಗಣಿ, ಗಂಜಲದ ದ್ರವಗೊಬ್ಬರ) ಹೋಗುತ್ತಿದೆ! ಇರುವುದು 16 ಎಂಎಂ ಇನ್‌ಲೈನ್ ಪೈಪು (ಡ್ರಿಪ್ಪರ್ ಒಳಗೇ ಇರುವಂಥದ್ದು), ಗಂಟೆಗೆ 2 ಲೀಟರ್ ಡ್ರಿಪ್ಪರ್. ಅಂದರೆ 6 ನಿಮಿಷಕ್ಕೆ 200 ಮಿಲೀ ಬೀಳಬೇಕು. ಸಾಲಿನ ತುದಿಯಲ್ಲಿ ಲೋಟ ಹಿಡಿದರೆ 70 ದಾಟುತ್ತಿರಲಿಲ್ಲ, ಈಗ 185 ಬರುತ್ತಿದೆ.

ಕಲೆಸುವುದು ಎಲ್ಲರಿಗೂ ಗೊತ್ತು: 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, ತಲಾ 2 ಕೆಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು. ಡ್ರಿಪ್ಪರ್ ಕಟ್ಟಿದರೆ ಸೋಸಿದ್ದು ಸಾಲದು ಅನ್ನುತ್ತಾರೆ ಅಂಗಡಿಯವರು, ಇನ್ನೂ ಸಣ್ಣ ಜಾಲರಿಯ ಫಿಲ್ಟರ್ ತಲೆಗೆ ಕಟ್ಟುತ್ತಾರೆ. ಅದು ಬೇಗ ಮುಚ್ಚಿಕೊಂಡು, ಜೀವಾಮೃತವನ್ನು ಪೈಪಿಗೆ ಎಳೆದುಕೊಳ್ಳುವ ವೆಂಚುರಿ ಎಳೆಯುವುದನ್ನೇ ನಿಲ್ಲಿಸುತ್ತದೆ. 120 ಮೆಶ್ ಡಿಸ್ಕ್ ಫಿಲ್ಟರ್ ಸಾಕು. ಸುಮಾರು 130 ಮೈಕ್ರಾನಿಗಿಂತ ದಪ್ಪನೆಯದು ಅದರಲ್ಲೇ ನಿಲ್ಲುತ್ತದೆ, ಅದಕ್ಕಿಂತ ಸಣ್ಣ ಕಣ ಡ್ರಿಪ್ಪರಿನಲ್ಲಿ ಸಲೀಸಾಗಿ ಹೊರಬೀಳುತ್ತದೆ. ನಿಜವಾದ ಶತ್ರು ಮೋಟರ್ ನಿಂತ ಮೇಲೆ ಹುಟ್ಟುತ್ತದೆ. ಪೈಪಿನಲ್ಲಿ ಉಳಿದ ಬೆಲ್ಲ, ಹಿಟ್ಟಿನ ಮೇಲೆ ಬ್ಯಾಕ್ಟೀರಿಯ ಬೆಳೆದು ಲೋಳೆ ಕಟ್ಟುತ್ತದೆ, ಆ ಲೋಳೆಗೆ ಸಣ್ಣ ಕಣಗಳು ಅಂಟುತ್ತವೆ. ನೀರಿನ ವೇಗ ತೀರಾ ಕಡಿಮೆಯಿರುವ ತುದಿಯಲ್ಲೇ ಇದು ಹೆಚ್ಚು.

ಆದ್ದರಿಂದ ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ಡ್ರಮ್ಮಿಗೆ ಇಳಿಬಿಡಿ. ನಲ್ಲಿ ತಳದಿಂದ ಒಂದು ಗೇಣು ಮೇಲಿರಲಿ. ಬಿಡುವ ಹಿಂದಿನ ರಾತ್ರಿ ಕಲಕಬೇಡಿ, ಮಡ್ಡಿ ಕೂರಲಿ. ಹತ್ತು ನಿಮಿಷ ಬರೀ ನೀರು, ಆಮೇಲೆ ಜೀವಾಮೃತ, ಆಮೇಲೆ ಅರ್ಧ ಗಂಟೆ ಮತ್ತೆ ಬರೀ ನೀರು.

ಇಷ್ಟಕ್ಕೂ ಲೋಳೆ ಪೂರ್ತಿ ಹೋಗುವುದಿಲ್ಲ, ತುದಿ ಬಿಚ್ಚಿ ತೊಳೆಯಲೇಬೇಕು. ಎಡವುವುದು ಇಲ್ಲೇ. ಎಲ್ಲ ಸಾಲನ್ನೂ ಒಟ್ಟಿಗೆ ಬಿಚ್ಚಿದರೆ ನೀರು ಹಂಚಿಹೋಗಿ ಸುಮ್ಮನೆ ಜಿನುಗುತ್ತದೆ. ಲೋಳೆ ಕಿತ್ತುಬರಲು ಪೈಪಿನೊಳಗೆ ಸೆಕೆಂಡಿಗೆ ಅರ್ಧ ಮೀಟರ್ ವೇಗ ಬೇಕು. ಲೆಕ್ಕ ಹಾಕಿದರೆ ಒಂದೊಂದು ತುದಿಯಿಂದಲೂ ನಿಮಿಷಕ್ಕೆ ಸುಮಾರು 5 ಲೀಟರ್. 10 ಲೀಟರ್ ಬಕೆಟ್ ಎರಡು ನಿಮಿಷದಲ್ಲಿ ತುಂಬದಿದ್ದರೆ ಒಂದೆರಡು ಸಾಲು ಮುಚ್ಚಿ ಮತ್ತೆ ಅಳೆಯಿರಿ. ಸಾಲುಗಳಿಗೆ ನೀರು ಹಂಚುವ ಸಬ್‌ಮೇನ್ ಪೈಪು ಮೊದಲು, ಸಾಲುಗಳು ನಂತರ. ಮೊದಲು ಕಂದು ಎಳೆಗಳು ಬರುತ್ತವೆ, ನೀರು ತಿಳಿಯಾಗುವವರೆಗೂ ಬಿಡಿ.

ಪೈಪಿನ ತುದಿ ಮಡಚಿ ಮುಚ್ಚಲು ಎಂಟರ ಆಕಾರದ ರಿಂಗೇ ವಾಸಿ, ಬಿಚ್ಚುವುದು ಸುಲಭ. ಕೊಳ್ಳುವಾಗ ಅಳತೆ ನೋಡಿಕೊಳ್ಳಿ: 16 ಕೇಳಿದರೆ 12ರ ರಿಂಗ್ ಕೈಗಿಟ್ಟು ಕಳಿಸುವ ಅಂಗಡಿಗಳಿವೆ, ವಾಪಸ್ ತೆಗೆದುಕೊಳ್ಳುವುದಿಲ್ಲ.

ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಕಾಟ ಬೇರೆಯದು, ಅದಕ್ಕೆ ಆ್ಯಸಿಡ್ ಬೇಕು. ನೀರಿಗೆ ಆ್ಯಸಿಡ್ ಹಾಕಿ, ಆ್ಯಸಿಡ್‌ಗೆ ನೀರು ಎಂದೂ ಹಾಕಬೇಡಿ. ಜೀವಾಮೃತದ ಜೊತೆಯಲ್ಲಂತೂ ಬೇಡವೇ ಬೇಡ, ಸೂಕ್ಷ್ಮಜೀವಿಗಳು ಸಾಯುತ್ತವೆ.

ತೊಳೆದ ನೀರು, ಡ್ರಮ್ಮಿನ ಮಡ್ಡಿ ಎರಡನ್ನೂ ಸುಮ್ಮನೆ ಚೆಲ್ಲುವುದೇಕೆ? ಮುಂದಿನ ಕೆಲಸ ಅದೇ: ಕಾಲುವೆ ಬದಿಗೆ ಸಿಓ-4 ನೇಪಿಯರ್ ಮೇವಿನ ಹುಲ್ಲು. ಎರಡು ಗಿಣ್ಣಿನ ತುಂಡುಗಳು, 60 ಸೆಂಮೀ ಸಾಲು, 50 ಸೆಂಮೀ ಅಂತರ. ಮೊದಲ ಕೊಯ್ಲು 75–80 ದಿನಕ್ಕೆ, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಕೊಟ್ಟಿಗೆ ತೊಳೆದ ನೀರನ್ನೂ ಅತ್ತಲೇ ತಿರುಗಿಸಬೇಕು. ಇಳಿಜಾರು ಸಾಲದು, ಮೊದಲು ಕಾಲುವೆ ಆಳ ಮಾಡಬೇಕು.