ವರ್ತಮಾನ ಕಾಲದ ಅಭ್ಯಾಸ ಪ್ರೋಗ್ರಾಂ: ಕೆಲಸ ಎಲ್ಲಿಗೆ ಬಂತು

ಜೂನ್

ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗಾಗಿ ಪೈಥಾನ್‌ನಲ್ಲಿ ಬರೆಯುತ್ತಿರುವ ಪ್ರೋಗ್ರಾಂ ಈಗ ಮಾತನಾಡತೊಡಗಿದೆ. ಇಂಗ್ಲಿಷ್ ಕ್ರಿಯಾಪದದ ಮೂಲರೂಪ ಕೊಟ್ಟರೆ ‘ಹಿ’, ‘ಷಿ’, ‘ಇಟ್’ಗಳ ಜೊತೆ ಬರುವ ರೂಪವನ್ನು ಮಾಡಿಕೊಡುತ್ತದೆ. ಕಾಗುಣಿತದ ನಿಯಮಗಳು ಬೇಗ ಮುಗಿದವು. ಕೊನೆಯಲ್ಲಿ ಎಸ್‌ಎಸ್, ಎಸ್‌ಎಚ್, ಸಿಎಚ್, ಎಕ್ಸ್ ಇದ್ದರೆ ‘ಇಎಸ್’ ಸೇರಿಸಬೇಕು. ವ್ಯಂಜನದ ನಂತರ ವೈ ಬಂದರೆ ಅದನ್ನು ತೆಗೆದು ‘ಐಇಎಸ್’. ‘ಸ್ಟಡಿ’ಗೆ ಇದು ಅನ್ವಯಿಸುತ್ತದೆ, ‘ಪ್ಲೇ’ಯಲ್ಲಿ ವೈಗೆ ಮೊದಲು ಸ್ವರವಿರುವುದರಿಂದ ಎಸ್ ಒಂದೇ ಸಾಕು. ‘ಸ್ಟಮಕ್’ ಕ್ರಿಯಾಪದವೂ ಹೌದು, ಸಹಿಸಿಕೊಳ್ಳು ಎಂಬ ಅರ್ಥದಲ್ಲಿ. ಅದರ ಸಿಎಚ್‌ನ ಉಚ್ಚಾರ ‘ಕ್’ ಆದ್ದರಿಂದ ಅಲ್ಲಿಯೂ ಬರೀ ಎಸ್. ಒಂಬತ್ತನೇ ತರಗತಿಗೆ ಇದು ಬೇಕಿಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

‘ಹ್ಯಾವ್’ ಈ ನಿಯಮಗಳಿಗೆ ಸಿಗದೆ ‘ಹ್ಯಾಸ್’ ಆಗುವುದರಿಂದ ಅದನ್ನು ಪೂರ್ಣ ಪದವಾಗಿಯೇ ಅಪವಾದಗಳ ಪಟ್ಟಿಗೆ ಹಾಕಿದ್ದೇನೆ. ಅಕ್ಷರಗಳ ಅಂತ್ಯ ನೋಡಿ ಬದಲಿಸುವ ನಿಯಮ ಬರೆದರೆ ‘ಬಿಹೇವ್’ ಕೂಡ ಅದಕ್ಕೆ ಸಿಕ್ಕಿ ‘ಬಿಹ್ಯಾಸ್’ ಆಗಿಬಿಡುತ್ತದೆ. ‘ಬಿ’ಗೆ ಆ್ಯಮ್, ಈಸ್, ಆರ್ ಎಂಬ ಪ್ರತ್ಯೇಕ ಕೋಷ್ಟಕ. ‘ಕ್ಯಾನ್’, ‘ಮಸ್ಟ್’ಗಳಿಗೆ ಎಸ್ ಇಲ್ಲವೇ ಇಲ್ಲ.

ಜುಲೈ

ನಿಜವಾದ ಕೆಲಸ ನಿಷೇಧ ಮತ್ತು ಪ್ರಶ್ನೆಗಳಲ್ಲಿದೆ. ವ್ಯಾಕರಣ ಪುಸ್ತಕಗಳು ಕೋಷ್ಟಕ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಓದುತ್ತೇನೆ, ಓದುತ್ತೀಯ, ಓದುತ್ತಾನೆ, ಓದುತ್ತಾಳೆ ಎಂದು ಲೀಲಾಜಾಲವಾಗಿ ಹೇಳುವ ಮಗುವಿಗೆ ಒಂದು ಎಸ್ ಯಾವ ಲೆಕ್ಕ? ತೊಡಕು ಬೇರೆ ಕಡೆ. ಕನ್ನಡದಲ್ಲಿ ‘ಓದುವುದಿಲ್ಲ’ ಎಂದರೆ ನಾನೂ ಆಯಿತು, ಅವನೂ ಆಯಿತು, ಅವರೂ ಆಯಿತು, ಕ್ರಿಯಾಪದ ಬದಲಾಗುವುದಿಲ್ಲ. ಹಾಗಾಗಿ ‘ಹಿ ಡೋಂಟ್ ರೀಡ್’ ಎಂಬ ವಾಕ್ಯ ಸಹಜವಾಗಿಯೇ ಬರುತ್ತದೆ. ಪ್ರಶ್ನೆಯಲ್ಲಿ ಇದಕ್ಕೆ ತದ್ವಿರುದ್ಧ: ‘ಓದುತ್ತಾನೆಯೇ?’ ಎನ್ನುವಾಗ ಕ್ರಿಯಾಪದ ತನ್ನ ಪ್ರತ್ಯಯವನ್ನು ಬಿಡುವುದಿಲ್ಲ. ಅದೇ ರೂಢಿಯಲ್ಲಿ ‘ಡಸ್ ಹಿ ರೀಡ್ಸ್?’ ಹೊರಡುತ್ತದೆ. ಇಂಗ್ಲಿಷ್‌ನಲ್ಲಿ ‘ಡಸ್’ ಬಂದ ಮೇಲೆ ಪ್ರತ್ಯಯದ ಹೊರೆಯೆಲ್ಲ ಅದರದ್ದೇ, ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ.

ಎರಡು ತಪ್ಪುಗಳ ಬೇರು ಬೇರೆಯಾದ್ದರಿಂದ ಪ್ರೋಗ್ರಾಂ ಕೊಡುವ ಸೂಚನೆಗಳನ್ನೂ ಬೇರೆ ಮಾಡಿದ್ದೇನೆ. ‘ಡೋಂಟ್’ ಬರೆದವರಿಗೆ ಕರ್ತೃ ಯಾರು ಎಂದು ಕೇಳುತ್ತದೆ. ‘ರೀಡ್ಸ್’ ಬರೆದವರಿಗೆ ‘ಡಸ್’ ಅನ್ನು ಬಣ್ಣ ಹಾಕಿ ತೋರಿಸುತ್ತದೆ. ಬರೀ ‘ತಪ್ಪು’ ಎಂಬ ಕೆಂಪು ಗುರುತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಆಗಸ್ಟ್

‘ಐಎನ್‌ಜಿ’ ಕುರಿತ ಪಾಠ ಅರ್ಧವಾಗಿದೆ. ‘ರೈಲು ನಾಳೆ ಆರಕ್ಕೆ ಹೊರಡುತ್ತದೆ’ ಎಂಬುದಕ್ಕೆ ಇಂಗ್ಲಿಷ್‌ನಲ್ಲೂ ಸಾದಾ ವರ್ತಮಾನ ಕಾಲವೇ ನಡೆಯುತ್ತದೆ, ಮಕ್ಕಳಿಗೆ ಹೊಸದಾಗಿ ಕಲಿಸಬೇಕಾದದ್ದು ಏನೂ ಇಲ್ಲ. ಆದರೆ ‘2015ರಿಂದ ಇಲ್ಲಿ ವಾಸಿಸುತ್ತಿದ್ದೇನೆ’ ಎನ್ನುವಲ್ಲಿ ನಮ್ಮ ರೂಪವನ್ನು ಹಾಗೆಯೇ ಎತ್ತಿಟ್ಟರೆ ‘ಆ್ಯಮ್ ಲಿವಿಂಗ್’ ಆಗುತ್ತದೆ. ಅಲ್ಲಿ ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ‘ನೋ’, ‘ಬಿಲಾಂಗ್’ ಮುಂತಾದ, ಸ್ಥಿತಿಯನ್ನು ಹೇಳುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಐಎನ್‌ಜಿ’ ಹಚ್ಚುವುದಿಲ್ಲ. ‘ಹ್ಯಾವ್’ ಮಾತ್ರ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ: ಊಟ ಮಾಡುತ್ತಿದ್ದರೆ ‘ಹ್ಯಾವಿಂಗ್’ ಸರಿ, ಇಬ್ಬರು ಮಕ್ಕಳಿದ್ದರೆ ಸರಿಯಲ್ಲ. ಇದನ್ನು ನಿಯಮದಿಂದ ಹಿಡಿಯುವ ಆಸೆ ಬಿಟ್ಟು ಉದಾಹರಣೆಗಳನ್ನೇ ಕೂಡಿಸುತ್ತಿದ್ದೇನೆ.

ಮುಂದಿನ ಸರದಿ ‘ಒನ್ ಆಫ್ ದ ಬಾಯ್ಸ್’ ಮಾದರಿಯದ್ದು. ‘ಹುಡುಗರಲ್ಲಿ ಒಬ್ಬನು’ ಎನ್ನುವಾಗ ‘ಒಬ್ಬನು’ ಕೊನೆಗೆ ಬರುವುದರಿಂದ ಏಕವಚನ ಕಿವಿಯಲ್ಲೇ ಉಳಿದಿರುತ್ತದೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡು ನಿಲ್ಲುವುದು ಬಹುವಚನದ ‘ಬಾಯ್ಸ್’. ಅದಕ್ಕಾಗಿ ರೂಪ ಕೇಳುವ ಮುನ್ನ ಕರ್ತೃವಿನ ಮೇಲೆ ಬೆರಳಿಡಲು ಹೇಳುವ ಒಂದು ಪರದೆ ಬೇಕು. ಅದರ ವಿನ್ಯಾಸವನ್ನು ಕಾಗದದ ಮೇಲೆ ಬಿಡಿಸಿಟ್ಟಿದ್ದೇನೆ, ಕೋಡ್ ಇನ್ನೂ ಶುರುವಾಗಿಲ್ಲ.