ಪ್ಲಗ್ ತೆಗೆದರೆ ಡೆಬಿಯನ್ ಮಾಯ: ಅಪ್ಪಯ್ಯನ ಕಂಪ್ಯೂಟರ್ ಜೊತೆ ಒಂದು ವಾರ

ಕೊನೆಗೂ ಸಿಕ್ಕಿತು! ಅಪ್ಪಯ್ಯನ ಹಳೆ ಕಂಪ್ಯೂಟರಿಗೆ ಹಾಕಿದ ಡೆಬಿಯನ್ (ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ರೂಪ) ರಾತ್ರಿ ಕಳೆದರೆ ಶುರುವೇ ಆಗುತ್ತಿರಲಿಲ್ಲ. ದೀಪಾವಳಿ ರಜೆಯನ್ನೆಲ್ಲ ನುಂಗಿದ ಆ ಸಮಸ್ಯೆ ಬಗೆಹರಿಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಹಳೆ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಲು ಹೊರಟವರಿಗೆ ಇದು ಖಂಡಿತ ಬೇಕಾಗುತ್ತದೆ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪಯ್ಯ ಬಳಸುವುದು 2014ರಲ್ಲಿ ಕೊಂಡ ಯಂತ್ರ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಎಚ್81 ಮದರ್‌ಬೋರ್ಡ್. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಗಿನದೇ ಆಗಬೇಕು. ಹನ್ನೊಂದು ವರ್ಷ ಒಂದು ದಿನವೂ ಕೈಕೊಡದ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. 4 ಜಿಬಿ ರ‍್ಯಾಮ್ ತೆಗೆದು 8 ಮಾಡಿದೆ. ಹಳೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟು 256 ಜಿಬಿ ಎಸ್‌ಎಸ್‌ಡಿ ಕೂರಿಸಿದೆ. ಅದರ ಮೇಲೆ ಡೆಬಿಯನ್ 13, ಜೊತೆಗೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಪರದೆ.

ಎಸ್‌ಎಸ್‌ಡಿ ಕೊಟ್ಟ ಅಂಗಡಿಯವರ ಬಗ್ಗೆ ಒಂದು ಮಾತು. ಡೆಸ್ಕ್‌ಟಾಪಿಗೆ ಅಂತ ಹೇಳಿಯೇ ಕೇಳಿದ್ದೆ. ಎರಡೂವರೆ ಇಂಚಿನದನ್ನು ಮೂರೂವರೆ ಇಂಚಿನ ಜಾಗಕ್ಕೆ ಕೂರಿಸಲು ಪಟ್ಟಿ ಬೇಕು, ಅದನ್ನು ಕೊಡಲಿಲ್ಲ. ನಾಲ್ಕು ಸ್ಕ್ರೂ ಕೂಡ ಇಲ್ಲ. ಊರಿಗೆ ಬಂದು ಡಬ್ಬಿ ಬಿಚ್ಚಿದಾಗ ಗೊತ್ತಾಯಿತು. ಒಳಗೆ ತಿರುಗುವ ಭಾಗ ಇಲ್ಲವಲ್ಲ, ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದೇನೆ.

ಅಪ್ಪಯ್ಯನ ಷರತ್ತು ಒಂದೇ. "ಕನ್ನಡ ಮೊದಲಿನ ಹಾಗೇ ಟೈಪ್ ಆಗಬೇಕು ಮಾರಾಯ. ಬೆರಳು ಮತ್ತೆ ಕಲಿಯೂದಿಲ್ಲ." ನಿವೃತ್ತ ಮೇಷ್ಟ್ರು ಅವರು. 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಇಪ್ಪತ್ತು ವರ್ಷ ಯಕ್ಷಗಾನದ ಪದ್ಯಗಳನ್ನು ಟೈಪ್ ಮಾಡಿಟ್ಟಿದ್ದಾರೆ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಕ-ಗ-ಪ ಕೀಲಿಮಣೆ ಅವರ ಕೈಗೆ ಹತ್ತಿಹೋಗಿದೆ. ಇಲ್ಲೊಂದು ಸೂಕ್ಷ್ಮ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಕಾಣುವ ಕಗಪ ಆರಿಸಿದರೆ ಅಕ್ಷರಗಳು ಬರುತ್ತವೆ, ಆದರೆ ಪದದ ಮೊದಲಲ್ಲಿ ಇಂಗ್ಲಿಷಿನ 'ಐ' (i) ಕೀಲಿ ಒತ್ತಿದರೆ 'ಇ' ಬರುವುದಿಲ್ಲ, ಗುಡಿಸು ಮಾತ್ರ ಬಂದು ನಿಲ್ಲುತ್ತದೆ. ಆ ವ್ಯವಸ್ಥೆಗೆ ಹಿಂದಿನ ಅಕ್ಷರ ಯಾವುದು ಅಂತ ನೋಡುವ ಶಕ್ತಿ ಇಲ್ಲ. ಟೈಪಿಂಗ್ ನೋಡಿಕೊಳ್ಳುವ ಐಬಸ್ ತಂತ್ರಾಂಶದ ಜೊತೆ ಎಂ17ಎನ್ ಅನ್ನುವ ಕೀಲಿಮಣೆಗಳ ಸಂಗ್ರಹ ಹಾಕಿ ಅದರೊಳಗಿನ ಕೆಜಿಪಿ ಆರಿಸಿ. ಅದು ಹಿಂದೆ ಏನಿದೆ ಅಂತ ನೋಡಿ ಸ್ವರವೋ ಗುಣಿತವೋ ತೀರ್ಮಾನ ಮಾಡುತ್ತದೆ. ಎಫ್ ಒತ್ತಿದರೆ ಒತ್ತಕ್ಷರ, ಎಲ್ಲ ನುಡಿಯ ಹಾಗೇ. ಅಪ್ಪಯ್ಯ 'ಇಂದ್ರಜಿತು' ಅಂತ ಟೈಪ್ ಮಾಡಿ ನೋಡಿ ತಲೆಯಾಡಿಸಿದರು.

ಇದೆಲ್ಲ ಅಕ್ಟೋಬರ್ 18ರ ಶನಿವಾರ ಸಂಜೆಯೊಳಗೆ ಮುಗಿದಿತ್ತು. ಹತ್ತಾರು ಸಲ ರೀಸ್ಟಾರ್ಟ್ ಮಾಡಿದೆ. ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿದೆ. ಪ್ರತಿ ಸಲ ಗ್ರಬ್ (ಡೆಬಿಯನ್ನನ್ನು ಶುರು ಮಾಡಿಸುವ ಪುಟ್ಟ ತಂತ್ರಾಂಶ) ಬಂತು, ಡೆಬಿಯನ್ ಬಂತು. ಖುಷಿಯಲ್ಲಿ ಮಲಗಿದೆ.

ಭಾನುವಾರ ಬೆಳಿಗ್ಗೆ ಅಪ್ಪಯ್ಯ ಕರೆದರು. ಕಪ್ಪು ಪರದೆ. ಬಿಳಿ ಅಕ್ಷರದಲ್ಲಿ "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್". ಅಂದರೆ ಶುರು ಮಾಡಲು ಸರಿಯಾದ ಡಿಸ್ಕ್ ಸಿಗಲಿಲ್ಲ ಅಂತ.

ಯುಎಸ್‌ಬಿಯಿಂದ ಬೂಟ್ ಮಾಡಿ ನೋಡಿದೆ. ಎಸ್‌ಎಸ್‌ಡಿ ಕಾಣುತ್ತಿದೆ. ಪಾರ್ಟಿಷನ್ ಎಲ್ಲ ಸರಿ ಇದೆ, ಫೈಲುಗಳೂ ಇವೆ. ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ ಒಳಗೆ ಡೆಬಿಯನ್ ಫೋಲ್ಡರ್, ಅದರೊಳಗೆ ಗ್ರಬ್ ಫೈಲ್, ಎಲ್ಲವೂ ಇಟ್ಟಲ್ಲೇ ಇವೆ. ಆದರೆ ಬೋರ್ಡಿನ ಬೂಟ್ ಪಟ್ಟಿಯಲ್ಲಿ ಡೆಬಿಯನ್ ಅನ್ನುವ ಹೆಸರೇ ಇಲ್ಲ. ಯುಎಸ್‌ಬಿಯಿಂದಲೇ ಎಸ್‌ಎಸ್‌ಡಿಯ ಡೆಬಿಯನ್ ಒಳಗೆ ಹೊಕ್ಕು (ಕ್ರೂಟ್ ಮಾಡಿ) ಗ್ರಬ್ ಮತ್ತೆ ಹಾಕಿದೆ. ಬಂತು. ಇನ್‌ಸ್ಟಾಲ್ ಮಾಡುವಾಗ ಏನೋ ತಪ್ಪಿರಬೇಕು ಅಂದುಕೊಂಡು ಬಿಟ್ಟೆ.

ಸೋಮವಾರ ನರಕ ಚತುರ್ದಶಿ. ಎಣ್ಣೆ ಸ್ನಾನ ಮಾಡಿ ಬಂದು ನೋಡಿದರೆ ಮತ್ತೆ ಅದೇ ಕಪ್ಪು ಪರದೆ.

ಆವತ್ತು ಇಡೀ ದಿನ ಅದರ ಮುಂದೆ ಕೂತೆ. ಸಾಟಾ ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ. ಸೆಕ್ಯೂರ್ ಬೂಟ್ ಆಫ್ ಇದೆಯಾ ಅಂತ ನೋಡಿದೆ. ಎಸ್‌ಎಸ್‌ಡಿಯ ಸ್ಮಾರ್ಟ್ ವರದಿ (ಡಿಸ್ಕಿನ ಆರೋಗ್ಯದ ವರದಿ) ಓದಿದೆ, ಒಂದೂ ದೋಷ ಇಲ್ಲ. ಡೆಬಿಯನ್ ಪೂರ್ತಿ ಅಳಿಸಿ ಮೊದಲಿಂದ ಹಾಕಿದೆ. ಸಂಜೆವರೆಗೆ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಸರಿಯಾಗಿ ಬಂತು! ಹಗಲಲ್ಲಿ ಕಣ್ಣೆದುರು ಎಲ್ಲ ಸರಿ, ರಾತ್ರಿ ಕಳೆದರೆ ಇಲ್ಲ. ಶಿವಮೊಗ್ಗದ ಒಂದು ಅಂಗಡಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಹಳೇ ಬೋರ್ಡು ಸಾರ್, ಹೋಗಿದೆ, ಹೊಸ ಸೆಟ್ ತಗೊಂಡ್ಬಿಡಿ" ಅಂದರು. ಸಿಟ್ಟು ಬಂತು. ಏನು ಕೆಟ್ಟಿದೆ ಅಂತ ನೋಡದೆ ಹೊಸದು ತಗೊಳ್ಳಿ ಅನ್ನುವುದು ರಿಪೇರಿ ಅಲ್ಲ, ಅಲ್ವಾ?

ಮಂಗಳವಾರ ಬೆಳಿಗ್ಗೆ ಮೂರನೇ ಸಲ. ಈ ಬಾರಿ ಯುಎಸ್‌ಬಿ ಹಾಕಲಿಲ್ಲ. ಡಿಲೀಟ್ ಕೀ ಒತ್ತಿ ನೇರ ಬಯೋಸ್ (ಬೋರ್ಡಿನ ಸೆಟ್ಟಿಂಗ್ ಪುಟಗಳು) ಒಳಗೆ ಹೋದೆ. ಹಿಂದಿನ ಎರಡು ದಿನವೂ ಬೂಟ್ ಪುಟಕ್ಕೆ ಹಾರಿದ್ದೆ, ಮೊದಲ ಪುಟದಲ್ಲಿ ನಿಂತಿರಲಿಲ್ಲ. ಈಗ ನಿಂತೆ. ಬಲಗಡೆ ಮೂಲೆಯಲ್ಲಿ ಹೀಗಿತ್ತು: ಬುಧವಾರ, 01/01/2014, 00:06.

ಆರು ನಿಮಿಷ!

"ಅಪ್ಪಯ್ಯ, ಇದನ್ನ ಎಷ್ಟು ಹೊತ್ತಿಗೆ ಆನ್ ಮಾಡಿದ್ರಿ?"

"ಈಗ ತಾನೇ. ಪ್ಲಗ್ ಹಾಕಿ, ದೇವರಿಗೆ ಹೂ ಕೊಯ್ದು ಬಂದೆ."

"ಪ್ಲಗ್ ಹಾಕಿದ್ದಾ? ರಾತ್ರಿ ತೆಗೆದಿದ್ರಾ?"

"ತೆಗೀದೆ ಮಲಗ್ತಾರಾ ಮಾರಾಯ? ಸಿಡಿಲು ಹೊಡೆದ್ರೆ?"

ಮಲೆನಾಡಿನ ಮನೆಗಳಲ್ಲಿ ಇದು ಹೇಳುವ ವಿಷಯವೇ ಅಲ್ಲ. ಚಿತ್ತೆ ಮಳೆಯ ಗುಡುಗು ಸಂಜೆ ಶುರುವಾದರೆ ಟಿವಿ, ಇನ್ವರ್ಟರ್, ಮೋಡೆಮ್, ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನು ಗೋಡೆಯಿಂದ ಹೊರಗೆ ಬರಬೇಕು. ನಾನು ಹಗಲಲ್ಲಿ ಎಷ್ಟು ಶಟ್‌ಡೌನ್ ಮಾಡಿದರೂ ಪ್ಲಗ್ ಗೋಡೆಯಲ್ಲೇ ಇರುತ್ತಿತ್ತು. ಆಗ ಪವರ್ ಸಪ್ಲೈನಿಂದ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಗಡಿಯಾರವೂ ಸೆಟ್ಟಿಂಗೂ ಅದರ ಮೇಲೆ ಬದುಕುತ್ತವೆ. ಪ್ಲಗ್ ತೆಗೆದ ಮೇಲೆ ಆ ಕೆಲಸ ಬೋರ್ಡ್ ಮೇಲಿನ ಬಟನ್ ಸೆಲ್ಲಿನದು. ಆ ಸೆಲ್ ಸತ್ತಿತ್ತು.

ಬಿಚ್ಚಿ ನೋಡಿದೆ. ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಕೆಳಗೆ ಕೂತಿತ್ತು, ಮೇಲೆ ಮೆತ್ತನೆಯ ಧೂಳು. ಸಿಆರ್ 2032. (20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಅಳತೆ ಹೆಸರಿನಲ್ಲೇ ಇದೆ.) ಹಳದಿ ಮಲ್ಟಿಮೀಟರ್ ಇಟ್ಟರೆ 1.12 ವೋಲ್ಟ್. ಇರಬೇಕಾದ್ದು 3.

ಹಾಗಾದರೆ ವಿಂಡೋಸ್ ಇದ್ದಾಗ ಏನೂ ಆಗುತ್ತಿರಲಿಲ್ಲ ಯಾಕೆ? ಹಳೆ ಡಿಸ್ಕನ್ನು ಮತ್ತೆ ಸಿಕ್ಕಿಸಿ ನೋಡಿದೆ. ಅದು ಲೆಗಸಿ, ಅಂದರೆ ಹಳೆ ಬೂಟ್ ಮಾದರಿಯದು. ಬೂಟ್ ಕೋಡ್ ಡಿಸ್ಕಿನ ಮೊದಲ ಸೆಕ್ಟರಿನಲ್ಲೇ ಇರುತ್ತದೆ. ಬೋರ್ಡ್ ಏನನ್ನೂ ನೆನಪಿಡಬೇಕಿಲ್ಲ, ಡಿಸ್ಕ್ ಕಂಡರೆ ಓದುತ್ತದೆ. ಡೆಬಿಯನ್ ಹಾಕಿದ್ದು ಹೊಸ ಮಾದರಿಯಾದ ಯುಇಎಫ್‌ಐನಲ್ಲಿ, ಅಲ್ಲಿ ಹಾಗಲ್ಲ. 'ಡೆಬಿಯನ್ ಅಂತ ಒಂದಿದೆ, ಅದು ಈ ಫೋಲ್ಡರಿನ ಈ ಫೈಲ್' ಅಂತ ಬೋರ್ಡಿನ ನೆನಪಿನಲ್ಲಿ ಒಂದು ಸಾಲು ಬರೆದಿಡಬೇಕು. ಆ ಸಾಲು ಇರುವುದು ಫ್ಲ್ಯಾಶ್ ಚಿಪ್ಪಿನಲ್ಲಿ, ಸೆಲ್ ಹೋದರೂ ಅಳಿಯಬಾರದು. ಆದರೆ ಸೆಟ್ಟಿಂಗ್ ಕಳೆದುಕೊಂಡ ಈ ಬೋರ್ಡ್ ಮೊದಲಿಂದ ಎಣಿಸಲು ಶುರು ಮಾಡಿ, ತನಗೆ ಪರಿಚಯ ಇಲ್ಲದ ಸಾಲುಗಳನ್ನು ತಾನೇ ಒರೆಸಿಹಾಕುತ್ತದೆ.

ಗಡಿಯಾರ ತಪ್ಪಿದ್ದು ಯಾಕೆ ಕಾಣಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಇಂಟರ್ನೆಟ್ ಸಿಕ್ಕ ಕೂಡಲೇ ಡೆಬಿಯನ್ ಸಮಯ ಸರಿ ಮಾಡಿಕೊಳ್ಳುತ್ತದೆ, ಪರದೆಯ ಮೂಲೆಯಲ್ಲಿ ಯಾವಾಗಲೂ ಸರಿಯಾದ ಗಂಟೆಯೇ ಇರುತ್ತಿತ್ತು. ಯುಎಸ್‌ಬಿಯಿಂದ ಬೂಟ್ ಮಾಡಿ ಜರ್ನಲ್ (ಲಿನಕ್ಸ್‌ನ ದಿನಚರಿ ಫೈಲ್) ತಿರುವಿದಾಗ, ಗಡಿಯಾರ ಹಿಂದಿದೆ, ಮುಂದೆ ಸರಿಸುತ್ತಿದ್ದೇನೆ ಅಂತ ಸಿಸ್ಟಮ್‌ಡಿ ಬರೆದ ಸಾಲು ಕಂಡಿತು: "ಸಿಸ್ಟಮ್ ಟೈಮ್ ಬಿಫೋರ್ ಬಿಲ್ಡ್ ಟೈಮ್, ಅಡ್ವಾನ್ಸಿಂಗ್ ಕ್ಲಾಕ್". ಇಂಥ ಸಮಸ್ಯೆ ಬಂದರೆ ಮೊದಲು ಈ ಸಾಲು ಹುಡುಕಿ.

ಸೆಲ್ ಬದಲಿಸಿದರೆ ಮುಗಿಯಿತು ಅನ್ನಬಹುದು. ನನಗೆ ಅಷ್ಟು ಸಾಕಾಗಲಿಲ್ಲ. ನಾನು ಬೆಂಗಳೂರಿಗೆ ಹೋದಮೇಲೆ ಇನ್ನು ಕೆಲವು ವರ್ಷಕ್ಕೆ ಹೊಸ ಸೆಲ್ಲೂ ಸಾಯುತ್ತದೆ. ಆವತ್ತು ಅಪ್ಪಯ್ಯ ಒಬ್ಬರೇ ಆ ಕಪ್ಪು ಪರದೆ ನೋಡುವುದು ಬೇಡ. ಅದಕ್ಕೆ ಸತ್ತ ಸೆಲ್ಲನ್ನೇ ವಾಪಸ್ ಹಾಕಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬೂಟ್ ಪಟ್ಟಿಯಲ್ಲಿ ಯಾವ ಹೆಸರೂ ಇಲ್ಲದಿದ್ದರೆ ಯುಇಎಫ್‌ಐ ಒಂದು ಗೊತ್ತಾದ ಜಾಗದಲ್ಲಿ ಹುಡುಕುತ್ತದೆ: ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಅನ್ನುವ ಫೈಲ್. ಪೆನ್‌ಡ್ರೈವ್‌ಗಳು ಬೂಟ್ ಆಗುವುದು ಇದೇ ದಾರಿಯಲ್ಲಿ. ಗ್ರಬ್‌ನ ಇನ್ನೊಂದು ಪ್ರತಿ ಅಲ್ಲಿ ಇದ್ದರೆ ಬೋರ್ಡ್ ಮರೆತರೂ ಚಿಂತೆ ಇಲ್ಲ. ಕೈಯಿಂದ ಕಾಪಿ ಮಾಡಬೇಡಿ, ಗ್ರಬ್ ಅಪ್‌ಡೇಟ್ ಆದಾಗ ಆ ಪ್ರತಿ ಹಳತಾಗಿ ಉಳಿಯುತ್ತದೆ. ಡೆಬಿಯನ್‌ನಲ್ಲಿ ಗ್ರಬ್-ಇಎಫ್‌ಐ-ಎಎಂಡಿ64 ಪ್ಯಾಕೇಜಿಗೆ ಡಿಪಿಕೆಜಿ-ರೀಕಾನ್ಫಿಗರ್ ಆಜ್ಞೆ ಕೊಟ್ಟರೆ ರಿಮೂವಬಲ್ ಮೀಡಿಯಾ ಜಾಗಕ್ಕೂ, ಅಂದರೆ ಈ ಬೂಟ್ ಫೋಲ್ಡರಿಗೂ ಹಾಕಬೇಕಾ ಅಂತ ಕೇಳುತ್ತದೆ. ಎಸ್ ಅನ್ನಿ. ಮುಂದಿನ ಅಪ್‌ಡೇಟ್‌ಗಳಲ್ಲೂ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಎಕ್ಸ್‌ಪರ್ಟ್ ಇನ್‌ಸ್ಟಾಲ್ ಆರಿಸಿದ್ದರೆ ಈ ಪ್ರಶ್ನೆ ಮೊದಲೇ ಬರುತ್ತಿತ್ತು, ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಕೇಳುವುದಿಲ್ಲ. ಕೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಹಳೆ ಬೋರ್ಡಿಗೆ ಲಿನಕ್ಸ್ ಹಾಕುವವರೇ ಜಾಸ್ತಿ, ಅವರಿಗೆ ಬೇಕಾದ್ದೇ ಇದು.

ಮಂಗಳವಾರ ರಾತ್ರಿ ನಾನೇ ಪ್ಲಗ್ ಕಿತ್ತೆ. ಪವರ್ ಬಟನ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನೂ ಖಾಲಿ ಮಾಡಿದೆ. ಬುಧವಾರ ಪಾಡ್ಯ, ಗೋಪೂಜೆ ಮುಗಿಸಿ ಅಪ್ಪಯ್ಯನೇ ಬಂದು ಪ್ಲಗ್ ಹಾಕಿದರು. ಕೈಯಲ್ಲಿ ಇನ್ನೂ ಅರಿಶಿನ ಇತ್ತು. ಬೋರ್ಡಿನ ಲೋಗೋ ಬಂತು. ಎರಡು ಸೆಕೆಂಡ್ ಕಪ್ಪು. ನಾನು ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಗ್ರಬ್! ಬಯೋಸಿನಲ್ಲಿ ಇನ್ನೂ 2014, ಆದರೂ ಡೆಬಿಯನ್ ಬಂತು.

ಗುರುವಾರ ಸೆಲ್ ಹುಡುಕಿಕೊಂಡು ಪೇಟೆಗೆ ಹೋದೆ. ಮೊದಲ ಅಂಗಡಿಯವರು ಗಾಜಿನ ಬಾಟಲಿಯಿಂದ ಬಿಡಿ ಸೆಲ್ ತೆಗೆದುಕೊಟ್ಟರು. ಪ್ಯಾಕೂ ಇಲ್ಲ, ತಾರೀಕೂ ಇಲ್ಲ. ಮನೆಗೆ ತಂದು ಅಳೆದರೆ 2.68. ಹೊಸತು ಅಂತ ಮಾರಿದ್ದು ಇದು! ಬಿಡಿ ಬಿಡಿ ಸೆಲ್‌ಗಳು ಒಂದಕ್ಕೊಂದು ತಾಗಿಕೊಂಡು ಬಿದ್ದಿದ್ದರೆ ಖಾಲಿಯಾಗದೆ ಇನ್ನೇನು? ಮತ್ತೆ ಹೋಗಿ ವಾಚ್ ರಿಪೇರಿಯವರ ಹತ್ತಿರ ಸೀಲ್ ಆಗಿರುವುದನ್ನು ತಂದೆ. 3.23. ಬಟನ್ ಸೆಲ್ ತರಲು ಹೋದರೆ ಮೀಟರ್ ಜೇಬಿನಲ್ಲಿರಲಿ. ಹಾಕಿದ ತಾರೀಕನ್ನು ಕಾಗದದ ಟೇಪಿನ ಮೇಲೆ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದ್ದೇನೆ.

ಈಗ ಮುಂದಿನ ಕೆಲಸ ಕಾಡುತ್ತಿದೆ. ಅಪ್ಪಯ್ಯನ ನುಡಿ ಫೈಲುಗಳೆಲ್ಲ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆ ಪದ್ಧತಿಯವು. ಫಾಂಟ್ ಇಲ್ಲದೆ ತೆರೆದರೆ 'ಕರ್ನಾಟಕ' ಅನ್ನುವ ಪದ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗುತ್ತದೆ, ನಡುವೆ ಒಂದು ಪೌಂಡ್ ಗುರುತು ಬರುತ್ತದೆ. ಪರಿವರ್ತಕಗಳಿವೆ, ಗದ್ಯಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ತೊಂದರೆ ಅರ್ಕಾವತ್ತಿನದು. ಹಳೆ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ 'ನಾ' ಆದಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ 'ನ'ಕ್ಕಿಂತ ಮೊದಲೇ 'ರ್' ಇರಬೇಕು. ಪದ್ಯಗಳಲ್ಲಿ ಅಪ್ಪಯ್ಯ ತಾಳಕ್ಕೆ ತಕ್ಕಂತೆ ಅಕ್ಷರಗಳ ನಡುವೆ ಖಾಲಿ ಜಾಗ, ಗೆರೆ ಎಲ್ಲ ಹಾಕಿದ್ದಾರೆ. ಅಲ್ಲಿ ಅರ್ಕಾವತ್ತು ಯಾವ ಅಕ್ಷರದ್ದು ಅಂತ ಪರಿವರ್ತಕಕ್ಕೆ ತಿಳಿಯುವುದಿಲ್ಲ. ನನ್ನದೇ ಒಂದು ಪರಿವರ್ತಕವನ್ನು ಪೈಥಾನ್ ಭಾಷೆಯಲ್ಲಿ ಬರೆಯಲು ಶುರು ಮಾಡಿದ್ದೇನೆ. ಮೊದಲ ಫೈಲಿನಲ್ಲಿ 212 ಸಾಲು, ಅದರಲ್ಲಿ 31 ಕಡೆ ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗಿದೆ. ಅಪ್ಪಯ್ಯ ಪಕ್ಕದಲ್ಲಿ ಕೂತು ಪದ್ಯ ಹಾಡುತ್ತಾ ಒಂದೊಂದನ್ನೇ ತೋರಿಸುತ್ತಿದ್ದಾರೆ.