ಕುರ್ಚಿ ಏರಿದ ಮೇಷ್ಟ್ರು ಓದು ಬಿಟ್ಟ ಹಾಗೇನಾ?

ನಾನು ಕಾನೂನು ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಸರ್, ಕಾನೂನು ವಿದ್ವಾಂಸರೊಬ್ಬರು ವಿಶ್ವವಿದ್ಯಾಲಯದ ಅಧ್ಯಕ್ಷರಾದರೆ ಅವರ ಓದು ಬರಹ ಅಲ್ಲಿಗೆ ಮುಗೀತು ಅಲ್ವಾ? ಆಮೇಲೆ ಬರೀ ಫೈಲು, ಮೀಟಿಂಗು, ದೇಣಿಗೆ ಕೇಳೋದು ತಾನೇ?"

ಎಷ್ಟೋ ಜನರ ವಿಷಯದಲ್ಲಿ ಇದು ನಿಜ. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅಮೆರಿಕದ ಲೀ ಬಾಲಿಂಜರ್ ನೆನಪಾಗುತ್ತಾರೆ.

ಹುಟ್ಟಿದ್ದು 1946ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1973ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಶುರು ಮಾಡಿದರು. 1987ರಲ್ಲಿ ಅಲ್ಲಿನ ಲಾ ಸ್ಕೂಲಿನ ಡೀನ್ ಆದರು. 1997ರಲ್ಲಿ ಮಿಷಿಗನ್ನಿನ ಅಧ್ಯಕ್ಷ ಸ್ಥಾನಕ್ಕೆ ಬಂದರು. 2002ರಿಂದ 2023ರವರೆಗೆ ಕೊಲಂಬಿಯಾದ ಅಧ್ಯಕ್ಷರು.

ಅವರ ವಿಷಯ ವಾಕ್ ಸ್ವಾತಂತ್ರ್ಯ. 1977ರಲ್ಲಿ ಇಲಿನಾಯ್ ರಾಜ್ಯದ ಸ್ಕೋಕಿ ಎಂಬ ಊರಲ್ಲಿ ಅಮೆರಿಕದ ನವ-ನಾಜಿಗಳು ಮೆರವಣಿಗೆ ಮಾಡಲು ಹೊರಟಿದ್ದರು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳು ಆ ಊರಲ್ಲಿ ಬಹಳ ಜನ ಇದ್ದರು. ಅಂಥ ಮಾತಿಗೂ ಕಾನೂನು ಯಾಕೆ ಜಾಗ ಕೊಡಬೇಕು? 1986ರ ತಮ್ಮ ಪುಸ್ತಕದಲ್ಲಿ ಬಾಲಿಂಜರ್ ಇದನ್ನು ಕೆದಕಿದರು. ಆ ಮಾತಿಗೆ ಬೆಲೆ ಇದೆ ಅಂತ ಅಲ್ಲ, ಕೇಳುವ ಸಮಾಜ ತನ್ನ ಸಿಟ್ಟನ್ನು ಹಿಡಿತದಲ್ಲಿಡುವುದನ್ನು ಅದರಿಂದ ಕಲಿಯುತ್ತದೆ ಅಂತ.

ಬರೆಯುವುದು ಒಂದು, ವೇದಿಕೆ ಮೇಲೆ ನಿಲ್ಲುವುದು ಇನ್ನೊಂದು. 2007ರಲ್ಲಿ ಇರಾನಿನ ಅಧ್ಯಕ್ಷ ಅಹ್ಮದಿನೆಜಾದ್ ಕೊಲಂಬಿಯಾದಲ್ಲಿ ಮಾತಾಡಲು ಬಂದರು. ಕರೆದದ್ದೇ ತಪ್ಪು ಅಂತ ದೊಡ್ಡ ಗಲಾಟೆ ಆಯಿತು. ಬಾಲಿಂಜರ್ ಕಾರ್ಯಕ್ರಮ ನಿಲ್ಲಿಸಲಿಲ್ಲ. ಸ್ವಾಗತದ ಮಾತಿನಲ್ಲೇ ಅತಿಥಿಯ ಮುಖ ನೋಡಿ, ಸಣ್ಣ ಬುದ್ಧಿಯ ಕ್ರೂರ ಸರ್ವಾಧಿಕಾರಿಯ ಲಕ್ಷಣಗಳೆಲ್ಲ ನಿಮ್ಮಲ್ಲಿವೆ ಅಂದರು. ಮನೆಗೆ ಕರೆದು ಹೀಗೆ ಅನ್ನಬಹುದಾ ಅಂತ ಬೈದವರೂ ಇದ್ದಾರೆ. ನನಗೂ ಆ ಮಾತು ಸ್ವಲ್ಪ ಜಾಸ್ತಿಯೇ ಅನಿಸುತ್ತದೆ. ಆದರೆ ಬಾಯಿ ಮುಚ್ಚಿಸದೆ ಉತ್ತರ ಕೊಟ್ಟರಲ್ಲ, ಅದು ಅವರು ಇಪ್ಪತ್ತು ವರ್ಷ ಮೊದಲು ಬರೆದದ್ದಕ್ಕೆ ಹೊಂದುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕಥೆ. 1992ರಲ್ಲಿ, ಅವರು ಡೀನ್ ಆಗಿದ್ದಾಗ, ಮಿಷಿಗನ್ ಲಾ ಸ್ಕೂಲು ಹೊಸ ಪ್ರವೇಶ ನೀತಿ ತಂದಿತು. ಅರ್ಜಿ ಹಾಕಿದವರ ಜನಾಂಗವನ್ನೂ ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದಿತ್ತು ಅದರಲ್ಲಿ. ಅವರು ಮಿಷಿಗನ್ನಿನ ಅಧ್ಯಕ್ಷರಾದ ವರ್ಷವೇ ಇದರ ವಿರುದ್ಧ ಕೇಸು ಬಿತ್ತು. ಪದವಿ ತರಗತಿಗಳ ಪ್ರವೇಶದ ಮೇಲೂ ಇನ್ನೊಂದು ಕೇಸು. ಅಲ್ಲಿ ಕೆಲವು ಅಲ್ಪಸಂಖ್ಯಾತ ಗುಂಪುಗಳ ವಿದ್ಯಾರ್ಥಿಗಳಿಗೆ ನೇರವಾಗಿ 20 ಅಂಕ ಸಿಗುತ್ತಿತ್ತು. ಎರಡೂ ಕೇಸಿನಲ್ಲಿ ಪ್ರತಿವಾದಿಯಾಗಿ ಬಾಲಿಂಜರ್ ಹೆಸರು. ತರಗತಿಯಲ್ಲಿ ಕೇಸುಗಳನ್ನು ಬಿಡಿಸಿ ಹೇಳುತ್ತಿದ್ದ ಮೇಷ್ಟ್ರ ಹೆಸರೇ ಕೇಸಿನ ತಲೆಬರಹಕ್ಕೆ ಬಂತು! ಸುಮ್ನೆ ವಕೀಲರಿಗೆ ಒಪ್ಪಿಸಿ ಕೂರಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಈ ನೀತಿ ಯಾಕೆ ಬೇಕು ಅಂತ ಎಲ್ಲರೆದುರು ವಾದಿಸಿದರು.

2003ರ ಜೂನ್ 23ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 20 ಅಂಕದ ಪದ್ಧತಿ ಬಿದ್ದುಹೋಯಿತು. ಲಾ ಸ್ಕೂಲಿನ ನೀತಿ 5-4ರಲ್ಲಿ ಉಳಿಯಿತು. ಇನ್ನು 25 ವರ್ಷಕ್ಕೆ ಇಂಥ ನೀತಿ ಬೇಕಾಗದು ಎಂಬ ನಿರೀಕ್ಷೆಯನ್ನೂ ನ್ಯಾಯಮೂರ್ತಿ ಸಾಂಡ್ರಾ ಡೇ ಒ'ಕಾನರ್ ಬರೆದರು.

ಅಧ್ಯಕ್ಷರಾಗಿದ್ದಾಗಲೂ ಬಾಲಿಂಜರ್ ಕೊಲಂಬಿಯಾದ ಪದವಿ ವಿದ್ಯಾರ್ಥಿಗಳಿಗೆ ವಾಕ್ ಸ್ವಾತಂತ್ರ್ಯದ ಪಾಠವನ್ನು ತಾವೇ ಮಾಡುತ್ತಿದ್ದರು. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಎರಡು ದಿನಾಂಕ ಹೇಳುತ್ತೇನೆ. 2023ರ ಜೂನ್ 29ರಂದು, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಪ್ರವೇಶಕ್ಕೆ ಜನಾಂಗವನ್ನೂ ನೋಡುವ, ಅವರು ಕಾಪಾಡಿಕೊಂಡಿದ್ದ ಆ ನೀತಿಗೆ ಸುಪ್ರೀಂ ಕೋರ್ಟ್ ಬಾಗಿಲು ಮುಚ್ಚಿತು. ಜೂನ್ 30, ಅಧ್ಯಕ್ಷರಾಗಿ ಅವರ ಕೊನೆಯ ದಿನ.